ಕೊನೆಯ ಸ್ಟಾಪ್‌ನಲ್ಲಿ ಇಳಿಯಿರಿ: ಸಿಟಿ ಬಸ್ಸಿನಲ್ಲಿ ಮಂಗಳೂರಿನ ಸದ್ದಿಲ್ಲದ ಜಾಗಗಳಿಗೆ

ಭಾನುವಾರ ಸಂಜೆ ಪಣಂಬೂರಿಗೆ ಹೋದರೆ ಸಮುದ್ರಕ್ಕಿಂತ ಮೊದಲು ಕಾಣುವುದು ಪಾರ್ಕಿಂಗ್. ಆಮೇಲೆ ಒಂಟೆ, ಚರುಂಬುರಿ ಗಾಡಿ, ಐಸ್‌ಕ್ರೀಮ್, ಸಾವಿರ ತಲೆ. ಅದರಾಚೆ ಎಲ್ಲೋ ನೀರು. ಗೌಜಿ ಬೇಕಾದವರಿಗೆ ಅದು ಒಳ್ಳೆಯ ಜಾಗವೇ, ನಾನು ಬೇಡ ಎನ್ನುವುದಿಲ್ಲ. ಆದರೆ ಕಡಲಿನ ಸದ್ದು ಕಿವಿಗೆ ಬೀಳಬೇಕು, ಒಂದು ಗಂಟೆ ಯಾರೂ ಮಾತಾಡಿಸಬಾರದು ಅಂತಿದ್ದರೆ ಬೇರೆ ಲೆಕ್ಕ ಹಾಕಬೇಕಾಗುತ್ತದೆ.

ನನ್ನ ಹತ್ತಿರ ಕಾರಿಲ್ಲ. ಸ್ಕೂಟರ್ ಇತ್ತು, ಅದನ್ನೂ ಮಾರಿದೆ. ಇಷ್ಟು ವರ್ಷ ಬಸ್ಸಿನಲ್ಲೇ ಓಡಾಡಿ ಗೊತ್ತಾದದ್ದು ಇಷ್ಟು: ಕಾರು ನಿಮ್ಮನ್ನು ನಿಲ್ಲಿಸಲು ಜಾಗ ಇರುವಲ್ಲಿಗೆ ಕರೆದುಕೊಂಡು ಹೋಗುತ್ತದೆ. ಸಿಟಿ ಬಸ್ ಹೋಗುವುದು ಜನ ವಾಸ ಇರುವಲ್ಲಿಗೆ. ಅದರ ಕೊನೆಯ ಸ್ಟಾಪ್ ಅಂದರೆ ಒಂದು ಗೂಡಂಗಡಿ, ಒಂದು ಅಶ್ವತ್ಥಕಟ್ಟೆ ಅಥವಾ ಮಸೀದಿ, ಬಸ್ ತಿರುಗಿಸುವಷ್ಟು ಅಗಲದ ಜಾಗ. ಕಂಡಕ್ಟರ್ ಚಾ ಕುಡಿಯಲು ಇಳಿಯುತ್ತಾನೆ. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ನೀವು ಹುಡುಕುತ್ತಿದ್ದ ಜಾಗ ಉಂಟು.

ಮೊದಲು ಸ್ಟೇಟ್‌ಬ್ಯಾಂಕ್

ಊರಿನ ಹೊರಗಿನವರಿಗೆ ಇಲ್ಲಿಯೇ ಮೊದಲ ಗೊಂದಲ. ‘ಸ್ಟೇಟ್‌ಬ್ಯಾಂಕ್’ ಅಂದರೆ ಮಂಗಳೂರಿನಲ್ಲಿ ಬ್ಯಾಂಕ್ ಅಲ್ಲ, ಬಸ್‌ಸ್ಟ್ಯಾಂಡ್. ಸಿಟಿ ಬಸ್ಸುಗಳು, ಉಡುಪಿ-ಮೂಡುಬಿದಿರೆ-ಬಿ.ಸಿ.ರೋಡ್ ಕಡೆಯ ಸರ್ವಿಸ್ ಬಸ್ಸುಗಳು ಹೊರಡುವುದು ಇಲ್ಲಿಂದ. ಬೆಂಗಳೂರಿನಿಂದ ಕೆಎಸ್ಆರ್‌ಟಿಸಿಯಲ್ಲಿ ಬಂದು ಬಿಜೈಯಲ್ಲಿ ಇಳಿದವರು, ಅಲ್ಲಿಂದಲೇ ಎಲ್ಲ ಕಡೆಗೂ ಬಸ್ ಸಿಗುತ್ತದೆ ಅಂತ ಕಾಯುತ್ತ ಕೂತರೆ ಬೆಳಗು ಅಲ್ಲೇ ಕಳೆಯುತ್ತದೆ. ಬಿಜೈಯಿಂದ ಸ್ಟೇಟ್‌ಬ್ಯಾಂಕಿಗೆ ಸಿಟಿ ಬಸ್ ಹಿಡಿಯಿರಿ.

ಸಿಟಿ ಬಸ್ಸಿಗೆ ನಂಬರ್ ಇರುತ್ತದೆ. ಅದನ್ನು ಬಾಯಿಪಾಠ ಮಾಡಲು ಹೋಗಬೇಡಿ. ಒಂದೇ ನಂಬರಿಗೆ ಎ, ಬಿ, ಸಿ ಬಾಲ ಅಂಟಿಕೊಂಡು ಬೇರೆ ಬೇರೆ ಕಡೆ ಹೋಗುತ್ತವೆ. ಊರಿನವರು ನಂಬರ್ ಹೇಳುವುದಕ್ಕಿಂತ ಜಾಗದ ಹೆಸರು ಹೇಳುವುದೇ ಹೆಚ್ಚು. ನೀವೂ ಹಾಗೇ ಮಾಡಿ: ಬೋರ್ಡ್ ಓದಿ, ಹತ್ತುವ ಮೊದಲು ಕಂಡಕ್ಟರಿಗೆ ಇಳಿಯುವ ಜಾಗದ ಹೆಸರು ಹೇಳಿ. ಬೀಚ್ ಅನ್ನಬೇಡಿ, ಊರಿನ ಹೆಸರು ಹೇಳಿ. ಬೀಚ್ ಅಂದರೆ ನಿಮ್ಮನ್ನು ಪಣಂಬೂರಿನಲ್ಲಿ ಇಳಿಸಿಯೇ ಇಳಿಸುತ್ತಾರೆ.

ಬಹುಪಾಲು ಸಿಟಿ ಬಸ್ಸುಗಳು ಖಾಸಗಿಯವು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ. ಸರಕಾರಿ ಸಿಟಿ ಬಸ್ಸುಗಳೂ ಓಡುತ್ತವೆ, ಇಲ್ಲಿಯವರು ಅವಕ್ಕೆ ‘ನರ್ಮ್ ಬಸ್’ ಅನ್ನುತ್ತಾರೆ. ಹೆಂಗಸರು ಆಧಾರ್ ಇಟ್ಟುಕೊಂಡಿದ್ದರೆ ಅದರಲ್ಲಿ ಟಿಕೆಟಿಗೆ ಕೊಡಬೇಕಾಗಿಲ್ಲ. ಆದರೆ ಅದನ್ನೇ ಕಾಯುತ್ತ ನಿಂತರೆ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗಿಬಿಡುತ್ತವೆ. ಸಣ್ಣ ನೋಟು, ಚಿಲ್ಲರೆ ಇರಲಿ. ಬೆಳಿಗ್ಗೆ ಆರೂವರೆಗೆ ಐನೂರರ ನೋಟು ಚಾಚಿದರೆ ಕಂಡಕ್ಟರ್ ನೋಡುವ ನೋಟವೇ ಬೇರೆ. ಚಲೋ ಆ್ಯಪಿನಲ್ಲಿ ಕೆಲವು ಬಸ್ಸುಗಳು ಎಲ್ಲಿ ಬರುತ್ತಿವೆ ಅಂತ ನೋಡಬಹುದು. ನನಗೆ ಅದಕ್ಕಿಂತ ಸ್ಟಾಪಿನ ಪಕ್ಕದ ಅಂಗಡಿಯವರ ಮೇಲೆ ನಂಬಿಕೆ ಜಾಸ್ತಿ.

ನಾಲ್ಕು ತುಳು ಮಾತು ತಿಳಿದಿದ್ದರೆ ಕೆಲಸಕ್ಕೆ ಬರುತ್ತದೆ. ‘ಓಡೆಗ್?’ ಅಂದರೆ ಎಲ್ಲಿಗೆ. ‘ದುಂಬು ಪೋಲೆ’ ಅಂದರೆ ಮುಂದೆ ಹೋಗಿ. ಇದನ್ನು ದಿನಕ್ಕೆ ಸಾವಿರ ಸಲ ಹೇಳುತ್ತಾರೆ, ಮುಂದೆ ಜಾಗ ಇದ್ದರೂ ಇಲ್ಲದಿದ್ದರೂ. ‘ಜಪ್ಪುನಕ್ಲು ಬಲೆ’ ಅಂದರೆ ಇಳಿಯುವವರು ಬನ್ನಿ. ‘ಮುಲ್ಪ ಉಂತಾಲೆ’ ಅಂದರೆ ಇಲ್ಲಿ ನಿಲ್ಲಿಸಿ. ಅಣ್ಣಾ ಅಂತ ಸೇರಿಸಿ ಹೇಳಿದರೆ ಬಸ್ ನಿಜವಾಗಿಯೂ ನಿಲ್ಲುತ್ತದೆ. ತುಳು ಬಾರದಿದ್ದರೆ ಕನ್ನಡವೇ ಸಾಕು, ಯಾರೂ ಮುಖ ತಿರುಗಿಸುವುದಿಲ್ಲ.

ಜಾಗಕ್ಕಿಂತ ಹೊತ್ತು ಮುಖ್ಯ

ನಮ್ಮದು ಪಡುವಣ ಕರಾವಳಿ. ಸೂರ್ಯ ಮುಳುಗುವುದು ಕಡಲಿನಲ್ಲಿ, ಹುಟ್ಟುವುದು ಬೆನ್ನ ಹಿಂದೆ ತೆಂಗಿನ ತೋಟದಲ್ಲಿ. ಹಾಗಾಗಿ ಎಲ್ಲರೂ ಬರುವುದು ಸೂರ್ಯಾಸ್ತಕ್ಕೆ. ಸಂಜೆ ನಾಲ್ಕೂವರೆಯ ಮೇಲೆ ಯಾವ ಬೀಚೂ ಸದ್ದಿಲ್ಲದ್ದಲ್ಲ. ಅದೇ ಬೀಚಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ಗಾಳಿಮರದ ನೆರಳು ಇನ್ನೂ ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ, ಕಾಲಿಗೆ ಮರಳು ತಣ್ಣಗಿರುತ್ತದೆ, ಬಿಸಿಲು ಕಣ್ಣಿಗೆ ಕುಕ್ಕುವುದಿಲ್ಲ. ಇರುವವರು ಮೀನು ಹಿಡಿಯುವವರು, ವಾಕಿಂಗಿನ ಇಬ್ಬರು ಮೂವರು, ನಾಯಿಗಳು.

ಬಸ್ಸಿನ ಲೆಕ್ಕದಲ್ಲೂ ಬೆಳಿಗ್ಗೆಯೇ ಲಾಭ. ಆ ಹೊತ್ತಿಗೆ ಶಾಲೆ, ಕಾಲೇಜು, ಆಫೀಸಿನವರೆಲ್ಲ ಪೇಟೆಯ ಕಡೆ ಬರುತ್ತಿರುತ್ತಾರೆ. ನೀವು ಪೇಟೆ ಬಿಟ್ಟು ಹೊರಟಿರುತ್ತೀರಿ. ಎದುರಿನ ಬಸ್ಸಿನಲ್ಲಿ ಜನ ಬಾಗಿಲಲ್ಲಿ ನೇತಾಡುತ್ತಿದ್ದರೆ ನಿಮಗೆ ಕಿಟಕಿ ಸೀಟು. ಹತ್ತು ಗಂಟೆಯ ಮೇಲೆ ವಾಪಸು ಹೊರಟರೆ ಆ ರಶ್ಶೂ ಇಳಿದಿರುತ್ತದೆ, ಸೆಕೆಯೂ ಏರುವ ಮೊದಲೇ ಪೇಟೆ ಸೇರುತ್ತೀರಿ. ವಾರದ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ಭಾನುವಾರವೇ ಆಗಬೇಕು ಅಂದರೆ ಬಸ್ಸುಗಳು ಕಡಿಮೆ, ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ಎರಡು ದೋಣಿಯ ನಡುವಿನ ನಡಿಗೆ

ಒಂದೇ ಬೆಳಿಗ್ಗೆ ಬಿಡುವಿದ್ದರೆ ನಾನು ಕಳಿಸುವುದು ಇಲ್ಲಿಗೆ.

ಗುರುಪುರ ನದಿ, ಅಂದರೆ ಫಲ್ಗುಣಿ, ಕಡಲಿಗೆ ನೇರವಾಗಿ ಸೇರುವುದಿಲ್ಲ. ಇನ್ನೇನು ಕಡಲು ಬಂತು ಅನ್ನುವಾಗ ದಕ್ಷಿಣಕ್ಕೆ ತಿರುಗಿ ಕಡಲಿನ ಪಕ್ಕದಲ್ಲೇ ಹರಿದು, ಆ ಕಡೆಯಿಂದ ಬಂದ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ಬೆಂಗ್ರೆ, ಅದರ ಉತ್ತರಕ್ಕೆ ತಣ್ಣೀರುಬಾವಿ. ಈ ಪಟ್ಟಿಗೆ ಪೇಟೆಯಿಂದ ಎರಡು ಕಡೆ ದೋಣಿ ಉಂಟು: ಬಂದರಿನಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು ನಮ್ಮ ಉಪಾಯ.

ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು ಬಂದರಿಗೆ ನಡೆಯಿರಿ, ಕಾಲು ಗಂಟೆಯ ದಾರಿ. ಬಂದರಿನ ಹಳೆಯ ಗೋದಾಮುಗಳ ಓಣಿಗಳಲ್ಲಿ ಒಣಮೀನು, ಮೆಣಸು, ಹಗ್ಗ ಮೂರರ ವಾಸನೆಯೂ ಒಟ್ಟಿಗೆ ಬರುತ್ತದೆ. ದಾರಿ ತಪ್ಪಿದರೆ ‘ಬೆಂಗ್ರೆ ದೋಣಿ ಎಲ್ಲಿ’ ಅಂತ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಇದು ಪ್ರವಾಸಿಗರ ದೋಣಿಯಲ್ಲ, ಬೆಂಗ್ರೆಯವರು ಕೆಲಸಕ್ಕೆ, ಸಂತೆಗೆ, ಶಾಲೆಗೆ ಓಡಾಡುವ ದೋಣಿ. ಹಾಗಾಗಿ ಬೆಳಿಗ್ಗೆ ಪೇಟೆಗೆ ಬರುವ ದೋಣಿ ತುಂಬಿರುತ್ತದೆ, ಆ ಕಡೆ ಹೋಗುವುದರಲ್ಲಿ ಕೂರಲು ಜಾಗ ಇರುತ್ತದೆ. ಇಳಿಯುವವರಿಗೆ ಮೊದಲು ದಾರಿ ಬಿಡಿ. ಹತ್ತಿದ ಮೇಲೆ ಸೆಲ್ಫಿಗಾಗಿ ಒಂದೇ ಬದಿಗೆ ಹೋಗಿ ನಿಲ್ಲಬೇಡಿ.

ದೋಣಿ ದಾಟುವುದು ಕೆಲವೇ ನಿಮಿಷ. ಅಷ್ಟರಲ್ಲಿ ಟ್ರಾಲ್‌ಬೋಟುಗಳ ಸಾಲು, ಅವುಗಳ ಮೇಲೆ ಗರುಡ, ಗೂಟಗಳ ಮೇಲೆ ಬೆಳ್ಳಕ್ಕಿ ಎಲ್ಲ ಕಾಣುತ್ತವೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ ಇರುವುದರಿಂದ ಆಗ ಬೋಟುಗಳೆಲ್ಲ ದಕ್ಕೆಗೆ ಬಂದು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಒಂದು ದಡದಿಂದ ಇನ್ನೊಂದಕ್ಕೆ ಬೋಟಿನ ಮೇಲೆಯೇ ನಡೆದು ಹೋಗಬಹುದೇನೋ ಅನ್ನಿಸುತ್ತದೆ.

ಬೆಂಗ್ರೆಯಲ್ಲಿ ಇಳಿದು ಮನೆಗಳ ನಡುವಿನ ದಾರಿಯಲ್ಲಿ ಪಡುವಣಕ್ಕೆ ನಡೆದರೆ ಕಡಲು. ಇದು ಜನರ ಅಂಗಳ ಅನ್ನುವುದು ನೆನಪಿರಲಿ. ಬಲೆ ಒಣಗಿಸಿದ್ದರೆ ಸುತ್ತು ಹಾಕಿ ಹೋಗಿ, ತುಳಿಯಬೇಡಿ. ಮನೆಯೆದುರು ಕೂತ ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ದಕ್ಷಿಣಕ್ಕೆ ನಡೆದರೆ ಅಳಿವೆ ಬಾಗಿಲು, ಎದುರಿಗೆ ಉಳ್ಳಾಲದ ಕೋಟೆಪುರ. ನಾವು ಹೋಗುವುದು ಉತ್ತರಕ್ಕೆ, ಅಂದರೆ ಕಡಲು ನಿಮ್ಮ ಎಡಗಡೆಗೆ. ತಣ್ಣೀರುಬಾವಿಗೆ ಮೂರು ಕಿಲೋಮೀಟರ್ ಆಸುಪಾಸು. ನೀರು ತಾಗಿ ಗಟ್ಟಿಯಾದ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಒಂದು ಗಂಟೆ ಸಾಕು. ನಾನು ಎರಡು ಗಂಟೆ ತೆಗೆದುಕೊಳ್ಳುತ್ತೇನೆ. ಕೈರಂಪಣಿ, ಅಂದರೆ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದರೆ ನಿಂತು ನೋಡುವುದೇ ಒಂದು ಕೆಲಸ. ಹಗ್ಗ ದಾಟಬೇಡಿ, ಎಳೆಯುವವರ ಹಿಂದಿನಿಂದ ಸುತ್ತಿ ಹೋಗಿ. ಕರೆದರೆ ಒಂದು ಕೈ ಹಾಕಿ. ನಾನು ಒಮ್ಮೆ ಕೈ ಹಾಕಿ ಅಂಗೈ ಸುಲಿಸಿಕೊಂಡೆ, ಸಿಕ್ಕಿದ್ದು ಒಂದು ಹಿಡಿ ಮೀನು ಮತ್ತು ಊರಿಡೀ ಹೇಳಿಕೊಳ್ಳಲು ಒಂದು ಕತೆ.

ತಣ್ಣೀರುಬಾವಿಯಲ್ಲಿ ಟ್ರೀ ಪಾರ್ಕ್ ಉಂಟು, ಗಾಳಿಮರದ ಕೆಳಗೆ ನೆರಳುಂಟು. ಅಲ್ಲಿಂದ ನದಿಯ ಕಡೆ ತಿರುಗಿ ದೋಣಿ ಹತ್ತಿದರೆ ಎದುರು ದಡವೇ ಸುಲ್ತಾನ್ ಬತ್ತೇರಿ. ನದಿಯಲ್ಲಿ ಬರುವ ಯುದ್ಧನೌಕೆಗಳ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಮೇಲೆ ಹತ್ತಿದರೆ ಆಗತಾನೇ ನೀವು ನಡೆದು ಬಂದ ಮರಳಿನ ಪಟ್ಟಿ ಪೂರ್ತಿ ಕಾಣುತ್ತದೆ. ಇದಕ್ಕಾಗಿಯೇ ನಾನು ಬೆಂಗ್ರೆಯಿಂದ ಶುರುಮಾಡಿ ಬತ್ತೇರಿಯಲ್ಲಿ ಮುಗಿಸಿ ಅನ್ನುವುದು. ವಾಪಸು ಬರಲು ಬತ್ತೇರಿಯ ಹತ್ತಿರದಿಂದಲೇ ಸಿಟಿ ಬಸ್ ಸಿಗುತ್ತದೆ. ಕಾಯಲು ಬೇಜಾರಾದರೆ ಉರ್ವ ಮಾರ್ಕೆಟ್‌ವರೆಗೆ ನಡೆಯಿರಿ, ಅಲ್ಲಿ ಬಸ್ಸಿಗೆ ಬರವಿಲ್ಲ.

ಒಂದು ಎಚ್ಚರಿಕೆ, ಅನುಭವದ್ದು. ಒಂದು ಸಂಜೆ ಈ ಸುತ್ತನ್ನು ತಡವಾಗಿ ಶುರುಮಾಡಿ, ಸೂರ್ಯ ಮುಳುಗುವುದನ್ನು ಕೊನೆಯ ಚೂರಿನವರೆಗೆ ನೋಡಿ ಎದ್ದು ಬಂದಾಗ ತಣ್ಣೀರುಬಾವಿ ದಡದಲ್ಲಿ ದೋಣಿ ಇರಲಿಲ್ಲ. ಬತ್ತೇರಿಯ ದೀಪಗಳು ಎದುರಿಗೇ ಮಿನುಗುತ್ತಿವೆ, ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗಬೇಕೆಂದರೆ ಪಣಂಬೂರಿನ ಕಡೆ ಬಂದು ಕೂಳೂರು ಸೇತುವೆ ದಾಟಿ ಪೇಟೆಗೆ ಇಳಿಯಬೇಕು. ಕತ್ತಲಲ್ಲಿ ನಡೆದು, ಸಿಕ್ಕಿದ ರಿಕ್ಷಾದವರು ಹೇಳಿದಷ್ಟು ಕೊಟ್ಟು ಮನೆ ಸೇರಿದೆ. ತಪ್ಪು ನನ್ನದೇ. ಹೋಗುವಾಗಲೇ ದೋಣಿಯವರ ಹತ್ತಿರ ‘ಆ ಕಡೆಯಿಂದ ಕೊನೆಯದು ಎಷ್ಟು ಗಂಟೆಗೆ’ ಅಂತ ಕೇಳಿಕೊಳ್ಳಿ. ಮಳೆಗಾಲದಲ್ಲಿ ನದಿ ತುಂಬಿ ಹರಿಯುವಾಗ ಗಾಳಿ ಎದ್ದರೆ ದೋಣಿ ನಿಲ್ಲಿಸಿಬಿಡುತ್ತಾರೆ. ಆ ದಿನಗಳಲ್ಲಿ ಈ ಸುತ್ತಿನ ಆಸೆ ಬಿಡಿ.

ತೆಂಕಿಗೆ: ಸೋಮೇಶ್ವರ

ಸ್ಟೇಟ್‌ಬ್ಯಾಂಕಿನಿಂದ ಸೋಮೇಶ್ವರ ಬೋರ್ಡಿನ ಬಸ್ ಸಿಕ್ಕಿದರೆ ಸರಿ. ಸಿಗದಿದ್ದರೆ ತಲಪಾಡಿ ಅಥವಾ ಉಳ್ಳಾಲ ಕಡೆಯ ಯಾವುದಾದರೂ ಬಸ್ ಹತ್ತಿ ತೊಕ್ಕೊಟ್ಟಿನಲ್ಲಿ ಇಳಿದು, ಅಲ್ಲಿಂದ ಬೇರೆ ಬಸ್ ಅಥವಾ ರಿಕ್ಷಾ ಹಿಡಿಯಿರಿ. ನೇತ್ರಾವತಿ ಸೇತುವೆಯ ಮೇಲೆ ಬರುವಾಗ ಕಡಲಿನ ಕಡೆಯ ಸೀಟಿನಲ್ಲಿ, ಅಂದರೆ ಹೋಗುವಾಗ ಬಲಗಡೆ, ಕೂತಿದ್ದರೆ ಹೊಳೆ ಅಗಲವಾಗುತ್ತ ಅಳಿವೆಯ ಕಡೆ ಹೋಗುವುದು ಕಾಣುತ್ತದೆ. ನೀರು ಇಳಿದ ಹೊತ್ತಾದರೆ ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುವವರೂ ಕಾಣಬಹುದು.

ಸೋಮನಾಥ ದೇವಸ್ಥಾನ ಕಡಲಿಗೆ ತಾಗಿದ ಬಂಡೆಯ ಮೇಲೆ ಉಂಟು. ಕೆಳಗೆ ರುದ್ರಪಾದೆ ಎನ್ನುವ ದೊಡ್ಡ ಕಲ್ಲುಗಳು. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ಮನೆತನದ ರಾಣಿ ಅಬ್ಬಕ್ಕನ ಸೀಮೆ ಇದು. ಬೆಳಿಗ್ಗೆ ಪೂಜೆಯ ಗಂಟೆ ಮತ್ತು ಅಲೆ ಎರಡೇ ಸದ್ದು. ದೇವಸ್ಥಾನದ ಪಕ್ಕದಿಂದ ಇಳಿದು ದಕ್ಷಿಣಕ್ಕೆ, ಉಚ್ಚಿಲದ ಕಡೆ ನಡೆದಷ್ಟೂ ಜನ ಕಡಿಮೆ.

ಆದರೆ ನೀರಿಗೆ ಇಳಿಯಬೇಡಿ. ಇದನ್ನು ಮೃದುವಾಗಿ ಹೇಳಲು ನನಗೆ ಬರುವುದಿಲ್ಲ. ಇಲ್ಲಿ ಕಡಲು ಥಟ್ಟನೆ ಆಳ, ಬಂಡೆಗೆ ಬಡಿದ ನೀರು ಹಿಂದಕ್ಕೆ ಎಳೆಯುತ್ತದೆ, ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಪ್ರವಾಸಕ್ಕೆ ಬಂದ ಎಷ್ಟೋ ಹುಡುಗರು ಇಲ್ಲಿ ಹೋಗಿದ್ದಾರೆ. ಬಂಡೆಯ ಮೇಲೆ ಒದ್ದೆ ಗುರುತು ಎಲ್ಲಿಯವರೆಗೆ ಉಂಟೋ ಅಲ್ಲಿಯವರೆಗೆ ಅಲೆ ಬರುತ್ತದೆ ಎಂದೇ ಅರ್ಥ. ಅದಕ್ಕಿಂತ ಮೇಲೆ ಕೂರಿ.

ಬಡಗಿಗೆ: ಹೆದ್ದಾರಿಯ ಸಣ್ಣ ಸ್ಟಾಪುಗಳು

ಸುರತ್ಕಲ್ ಕಡೆಗೆ ಬಸ್ಸಿನ ತೊಂದರೆ ಇಲ್ಲವೇ ಇಲ್ಲ. ಒಂದು ಹೋಗುವಷ್ಟರಲ್ಲಿ ಇನ್ನೊಂದು ಹಾರ್ನ್ ಹೊಡೆಯುತ್ತ ಬರುತ್ತದೆ, ಎರಡೂ ಒಂದನ್ನೊಂದು ಹಿಂದೆ ಹಾಕುವ ಗಡಿಬಿಡಿಯಲ್ಲಿ. ಹಿಡಿದುಕೊಂಡು ಕೂರಿ. ಎಕ್ಸ್‌ಪ್ರೆಸ್ ಹತ್ತಬೇಡಿ, ಅದು ಸಣ್ಣ ಸ್ಟಾಪಿನಲ್ಲಿ ನಿಲ್ಲುವುದಿಲ್ಲ.

ಪಣಂಬೂರು, ಬೈಕಂಪಾಡಿ ದಾಟಿದ ಮೇಲೆ ಕುಳಾಯಿ, ಹೊಸಬೆಟ್ಟು ಬರುತ್ತವೆ. ಇಲ್ಲಿ ಹೆದ್ದಾರಿಗೂ ಕಡಲಿಗೂ ಹೆಚ್ಚು ದೂರವಿಲ್ಲ. ಪಡು ದಿಕ್ಕಿಗೆ ಹೋಗುವ ಯಾವುದೇ ಅಡ್ಡರಸ್ತೆಯಲ್ಲಿ ನಡೆದರೂ ಹತ್ತು ಹದಿನೈದು ನಿಮಿಷಕ್ಕೆ ಮರಳು. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಒಂದೆರಡು ನಾಡದೋಣಿ ಮಡಲಿನ ಚಪ್ಪರದ ಕೆಳಗೆ. ದೂರದಲ್ಲಿ ಹಡಗುಗಳು ನವಮಂಗಳೂರು ಬಂದರಿನ ಒಳಗೆ ಬರಲು ಸರದಿ ಕಾಯುತ್ತ ನಿಂತಿರುತ್ತವೆ. ನನಗೆ ಹೊಸಬೆಟ್ಟಿನಲ್ಲಿ ಸುಮ್ಮನೆ ಕೂತು ಹಡಗು ಎಣಿಸುವುದು ಇಷ್ಟ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಸುರತ್ಕಲ್ಲಿನಲ್ಲಿ ಕಡಲ ಬದಿಯ ಸದಾಶಿವ ದೇವಸ್ಥಾನ, ಲೈಟ್‌ಹೌಸ್ ಹತ್ತಿರ ಹತ್ತಿರ ಉಂಟು. ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಬೀಚ್ ಚೆಂದ, ಆದರೆ ಸಂಜೆಗೆ ವಿದ್ಯಾರ್ಥಿಗಳ ಜಾತ್ರೆ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಮುಲ್ಕಿ ಅಥವಾ ಕಿನ್ನಿಗೋಳಿ ಸರ್ವಿಸ್ ಬಸ್ಸಿನಲ್ಲಿ ಹಳೆಯಂಗಡಿಗೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಸಸಿಹಿತ್ಲು. ಶಾಂಭವಿ, ನಂದಿನಿ ಎರಡು ಹೊಳೆಗಳು ಕೂಡಿ ಕಡಲಿಗೆ ಇಳಿಯುವ ಜಾಗ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ಆದ ಮೇಲೆ ಹೆಸರು ಹೊರಗೆ ಹೋಯಿತು. ವಾರದ ದಿನ ಬೆಳಿಗ್ಗೆ ಈಗಲೂ ನಿಮ್ಮ ಹೆಜ್ಜೆಯೇ ಮೊದಲನೆಯದು. ರಿಕ್ಷಾದವರ ನಂಬರ್ ತೆಗೆದುಕೊಂಡು ವಾಪಸು ಬರುವ ಹೊತ್ತು ಹೇಳಿಡಿ, ಅಲ್ಲಿ ನಿಂತರೆ ರಿಕ್ಷಾ ಸಿಗುವುದು ಅದೃಷ್ಟ.

ಕಡಲು ಬೇಡ ಅಂದರೆ

ಮಲ್ಲಿಕಟ್ಟೆಯಲ್ಲಿ ಇಳಿದು ಕದ್ರಿ ದೇವಸ್ಥಾನಕ್ಕೆ ನಡೆಯಿರಿ. ಒಳಗಿನ ಲೋಕೇಶ್ವರ ಕಂಚಿನ ಮೂರ್ತಿ 968ರದ್ದು, ಆಳುಪ ಅರಸ ಕುಂದವರ್ಮ ಸ್ಥಾಪಿಸಿದ್ದು. ಅದನ್ನು ನೋಡದೆ ಮುಂದೆ ಹೋಗಬೇಡಿ. ಜನ ಸಾಮಾನ್ಯವಾಗಿ ದರ್ಶನ ಮುಗಿಸಿ ತಿರುಗಿಬಿಡುತ್ತಾರೆ. ನೀವು ಹಿಂದಿನ ಮೆಟ್ಟಿಲು ಹತ್ತಿ. ಗೋಮುಖದ ನೀರು, ಕೆರೆಗಳು, ಮೇಲೆ ಜೋಗಿ ಮಠ, ಮುರಕಲ್ಲಿನಲ್ಲಿ ಕೊರೆದ ಪಾಂಡವರ ಗುಹೆ. ಪೇಟೆಯ ನಡುವೆಯೇ ಇರುವ ಗುಡ್ಡ, ಹಕ್ಕಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಬಾವುಟಗುಡ್ಡೆಯ ಟಾಗೋರ್ ಪಾರ್ಕ್‌ಗೆ ಬಸ್ ಬೇಡ, ಹಂಪನಕಟ್ಟೆಯಿಂದ ಏರಿದರೆ ಆಯಿತು. 1837ರ ಅಮರ ಸುಳ್ಯ ದಂಗೆಯವರು ಈಸ್ಟ್ ಇಂಡಿಯಾ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಗುಡ್ಡ. ಪಾರ್ಕ್ ಅಂಗೈಯಷ್ಟು. ಬಸ್ ತಪ್ಪಿ ಅರ್ಧ ಗಂಟೆ ಕಳೆಯಬೇಕಾದಾಗ ನಾನು ಹೋಗುವುದು ಇಲ್ಲಿಗೆ.

ಮಂಗಳಾದೇವಿ ಬಸ್ಸಿನ ಕೊನೆಯ ಸ್ಟಾಪಿನಿಂದ ಗುಜ್ಜರಕೆರೆ ನಡೆಯುವಷ್ಟೇ ದೂರ, ಕೆರೆಯ ಸುತ್ತ ಕಾಲುದಾರಿ ಉಂಟು. ಕಾವೂರು ಕೆರೆಯೂ ಹಾಗೆಯೇ. ಎರಡೂ ವಯಸ್ಸಾದವರನ್ನು ಕರೆದುಕೊಂಡು ಹೋಗಲು ಅನುಕೂಲ, ಹತ್ತುವುದು ಇಳಿಯುವುದು ಇಲ್ಲ.

ಪಿಲಿಕುಳ ನಿಸರ್ಗಧಾಮಕ್ಕೆ ಅರ್ಧ ದಿನ ಬೇಕು. ತುಳುವಿನ ಪಿಲಿ ಅಂದರೆ ಹುಲಿ; ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಹೆಸರು. ಮೂಡುಶೆಡ್ಡೆ ಕಡೆಯ ಸಿಟಿ ಬಸ್ ಹತ್ತಿ, ಇಲ್ಲವೇ ಮೂಡುಬಿದಿರೆ ಬಸ್ಸಿನಲ್ಲಿ ವಾಮಂಜೂರಿಗೆ ಹೋಗಿ ಅಲ್ಲಿಂದ ರಿಕ್ಷಾ. ಶಾಲೆಯ ಮಕ್ಕಳೆಲ್ಲ ಮೃಗಾಲಯಕ್ಕೂ ತಾರಾಲಯಕ್ಕೂ ನುಗ್ಗುತ್ತಾರೆ. ನೀವು ಕೆರೆಯ ದಂಡೆ ಹಿಡಿದು ತುಳುನಾಡಿನ ಹಳೆಯ ಜಮೀನ್ದಾರರ ಮನೆಯಾದ ಗುತ್ತಿನ ಮನೆಯ ಕಡೆ, ಇಲ್ಲವೇ ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿದ ಸಸ್ಯವನದ ಕಡೆ ಹೋಗಿ. ಸೋಮವಾರ ಮೃಗಾಲಯಕ್ಕೆ ರಜೆ.

ಚೀಲದಲ್ಲಿ

ಕೊಡೆ, ಎಲ್ಲ ಕಾಲಕ್ಕೂ, ಬಿಸಿಲಿಗೂ ಅದೇ. ನೀರು ಮನೆಯಿಂದಲೇ. ದಾರಿಯಲ್ಲಿ ಬೊಂಡ, ಅಂದರೆ ಎಳನೀರು, ಸಿಗುತ್ತದೆ, ಆದರೆ ಬೆಂಗ್ರೆ, ಹೊಸಬೆಟ್ಟಿನ ಮರಳಿನ ಮೇಲೆ ಏನೂ ಸಿಗುವುದಿಲ್ಲ. ತಿಂಡಿ ಸ್ಟೇಟ್‌ಬ್ಯಾಂಕ್ ಸುತ್ತಲಿನ ಹೋಟೆಲಿನಲ್ಲಿ ಕಟ್ಟಿಸಿಕೊಳ್ಳಿ. ಬನ್ಸ್ ತಣ್ಣಗಾದರೂ ತಿನ್ನಬಹುದು, ಗೋಳಿಬಜೆ ತಣ್ಣಗಾದರೆ ಅದು ಬೇರೆಯೇ ವಸ್ತು. ಕಟ್ಟಿದ ಕಾಗದ, ಪ್ಲಾಸ್ಟಿಕ್ ಚೀಲಕ್ಕೇ ವಾಪಸು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಿ. ಸದ್ದಿಲ್ಲದ ಜಾಗ ಅಂದರೆ ಲೈಫ್‌ಗಾರ್ಡ್ ಕೂಡ ಇಲ್ಲದ ಜಾಗ. ಒಬ್ಬರೇ ಹೋಗುವವರು ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಮನೆಯಲ್ಲೊಂದು ಮಾತು ಹೇಳಿ ಹೊರಡಿ, ಕತ್ತಲಾಗುವ ಮೊದಲು ಬಸ್‌ಸ್ಟಾಪಿಗೆ ಬನ್ನಿ. ರಾತ್ರಿ ಎಂಟೂವರೆಯ ಮೇಲೆ ಒಳರಸ್ತೆಯ ಬಸ್ಸುಗಳು ತೆಳುವಾಗುತ್ತವೆ. ಇಳಿಯುವಾಗಲೇ ಕಂಡಕ್ಟರಿಗೆ ‘ಅಣ್ಣಾ, ಇಲ್ಲಿಂದ ಕೊನೆಯ ಬಸ್ ಎಷ್ಟಕ್ಕೆ?’ ಅಂತ ಕೇಳಿ, ಅವರು ಹೇಳಿದ್ದಕ್ಕಿಂತ ಒಂದು ಬಸ್ ಮೊದಲೇ ಹತ್ತಿ.

ಮತ್ತೊಂದು ಬೈರಾಸು. ಬಸ್ ಹತ್ತುವ ಮೊದಲು ಕಾಲಿನ ಮರಳು ಒರೆಸಿಕೊಳ್ಳಲು. ಕೊನೆಯ ಟ್ರಿಪ್ ಮುಗಿದ ಮೇಲೆ ಆ ಬಸ್ ಗುಡಿಸುವುದು ಅದೇ ಕಂಡಕ್ಟರ್.